ಬಿಪಿ ಮಾತ್ರೆ ತಗೊಳ್ಳುವವರು ಜಿಮ್ ಸೇರುವ ಮುನ್ನ ಇದನ್ನು ಓದಿ

ಬಿಪಿ ಇದ್ದು ಹೊಸದಾಗಿ ವ್ಯಾಯಾಮ ಶುರು ಮಾಡುವವರಿಗೂ ಅವರ ಮನೆಯವರಿಗೂ ಇದನ್ನು ಬರೆಯುತ್ತಿದ್ದೇನೆ. ನಮ್ಮಣ್ಣ ಅನುಭವಿಸಿದ್ದನ್ನು ಇನ್ನೊಬ್ಬರು ಅನುಭವಿಸಬಾರದು.

ಅಣ್ಣನಿಗೆ ಐವತ್ತು ದಾಟಿದೆ. ಜಿಮ್‌ನವರು ಕೊಟ್ಟ ಫಾರಂನಲ್ಲಿ ಬಿಪಿ ಅಥವಾ ಹೃದಯದ ತೊಂದರೆ ಇದೆಯೇ ಎಂಬ ಪ್ರಶ್ನೆಯಿತ್ತು. ಇದೆ ಎಂದು ಗುರುತು ಹಾಕಿ, ಪಕ್ಕದಲ್ಲೇ ಮಾತ್ರೆಯ ಹೆಸರನ್ನೂ ಬರೆದಿದ್ದ: ಮೆಟೊಪ್ರೊಲಾಲ್. ಆ ಹಾಳೆ ಫೈಲಿಗೆ ಸೇರಿತು, ಅಷ್ಟೆ. ಯಾರೂ ಬಿಪಿ ನೋಡಲಿಲ್ಲ. ಡಾಕ್ಟರನ್ನು ಕೇಳಿದ್ದೀರಾ ಎಂದು ಬಾಯಿಮಾತಿಗೂ ವಿಚಾರಿಸಲಿಲ್ಲ.

ಓದಿದ್ದರೆ ಆ ಮಾತ್ರೆಯ ಹೆಸರೇ ಎಷ್ಟೋ ಹೇಳುತ್ತಿತ್ತು. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬೀಟಾ ಬ್ಲಾಕರ್‌ಗಳು ಎದೆಬಡಿತವನ್ನು ಹಿಡಿದಿಡುತ್ತವೆ. ಎಷ್ಟು ಶ್ರಮಪಟ್ಟರೂ ಬಡಿತ ಬೇರೆಯವರಷ್ಟು ಏರುವುದಿಲ್ಲ. 220ರಲ್ಲಿ ವಯಸ್ಸು ಕಳೆದು ಎದೆಬಡಿತಕ್ಕೆ ಗುರಿ ಹಾಕುವ ಲೆಕ್ಕ ಇವರಿಗೆ ನಡೆಯುವುದೇ ಇಲ್ಲ. ಟ್ರೈನರ್ ಮಾತ್ರ ಅಣ್ಣನ ಕೈಗಡಿಯಾರ ನೋಡಿ, "ಹಾರ್ಟ್ ರೇಟ್ ಏರ್ತಾನೇ ಇಲ್ಲ ಸಾರ್, ಇನ್ನೂ ದಮ್ಮಿದೆ ನಿಮ್ಮಲ್ಲಿ" ಎಂದು ದಿನದಿನಕ್ಕೂ ಭಾರ ಹೆಚ್ಚಿಸುತ್ತಿದ್ದ. ಈ ಮಾತ್ರೆ ತಗೊಳ್ಳುವವರು ನೋಡಿಕೊಳ್ಳಬೇಕಾದದ್ದು ಉಸಿರನ್ನು. ವ್ಯಾಯಾಮ ಮಾಡುತ್ತಲೇ ತಡೆಯಿಲ್ಲದೆ ಒಂದು ವಾಕ್ಯ ಮಾತಾಡಲು ಬರುವಂತಿರಬೇಕು.

ಅವತ್ತು ಲೆಗ್ ಪ್ರೆಸ್, ಅಂದರೆ ಯಂತ್ರದಲ್ಲಿ ಕಾಲಿನಿಂದ ಭಾರ ತಳ್ಳುವುದು. ಪಕ್ಕದ ಟ್ರೆಡ್‌ಮಿಲ್ ಮೇಲಿಂದ ನಾನು ನೋಡುತ್ತಲೇ ಇದ್ದೆ. "ಉಸಿರು ಬಿಗಿಹಿಡೀರಿ, ಇನ್ನೊಂದೇ ಒಂದು" ಎಂದು ಟ್ರೈನರ್ ಕೂಗುತ್ತಿದ್ದ. ಅಣ್ಣನ ಮುಖ ಕಪ್ಪುಗೆಂಪಾಗಿತ್ತು, ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು. ಎದ್ದವನೇ ಕಂಬಿ ಹಿಡಿದು ನಿಂತ. ಮುಟ್ಟಿದರೆ ಮೈ ತಣ್ಣಗೆ, ಬೆವರು ಧಾರಾಕಾರ. ಎದೆ ಹಿಂಡ್ತಿದೆ ಅಂದ. ಟ್ರೈನರ್ ಹೇಳಿದ್ದು: "ಗ್ಯಾಸ್ಟ್ರಿಕ್ ಇರಬೇಕು, ನೀರು ಕುಡಿದು ಕೊನೇ ಸೆಟ್ ಮುಗಿಸಿ."

ಆಸ್ಪತ್ರೆಯಲ್ಲಿ ಬಿಪಿ 210/120. ಹೃದಯಕ್ಕೆ ರಕ್ತ ಕೊಡುವ ಒಂದು ನಾಳ ಮುಚ್ಚಿಹೋಗುವ ಹಂತದಲ್ಲಿತ್ತು, ಅದನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿದರು. ಈಗ ಮನೆಯಲ್ಲಿದ್ದಾನೆ, ಚೇತರಿಸಿಕೊಳ್ಳುತ್ತಿದ್ದಾನೆ.

ಉಸಿರು ಕಟ್ಟಿ ಭಾರ ತಳ್ಳಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ಯಾವತ್ತೋ ಅಳೆದು ತೋರಿಸಿದ್ದಾರೆ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ನಳಿಕೆಯಿಟ್ಟು ಒತ್ತಡ ನೋಡಿದರು. ಎರಡೂ ಕಾಲಲ್ಲಿ ಲೆಗ್ ಪ್ರೆಸ್ ಮಾಡುವಾಗ ಸರಾಸರಿ 320/250. ಒಬ್ಬರಿಗಂತೂ 480/350 ದಾಟಿತ್ತು. ಅವರು ಗಟ್ಟಿಮುಟ್ಟಾಗಿದ್ದ ಯುವಕರು. ಮೊದಲೇ ಬಿಪಿ ಇದ್ದು, ನಾಳ ಕಿರಿದಾದವರ ಗತಿಯೇನು ಯೋಚಿಸಿ. ಕೂತಲ್ಲೇ 180/110ಕ್ಕಿಂತ ಹೆಚ್ಚಿದ್ದರೆ ಭಾರದ ಹತ್ತಿರ ಹೋಗಲೇಬಾರದು, ಮೊದಲು ಅದು ಹತೋಟಿಗೆ ಬರಬೇಕು. ಹತೋಟಿಯಲ್ಲಿದ್ದವರೂ ಡಾಕ್ಟರ್ ಒಪ್ಪಿದ ಮೇಲೆ ಹಗುರ ತೂಕವನ್ನೇ ಹಿಡಿಯಬೇಕು. ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ.

ಇದನ್ನೋದಿ ವ್ಯಾಯಾಮವನ್ನೇ ಬಿಡಬೇಡಿ, ದಯವಿಟ್ಟು. ಚುರುಕಾದ ನಡಿಗೆ, ಸೈಕಲ್, ಈಜು ಬಿಪಿಯನ್ನು ನಿಜಕ್ಕೂ ಇಳಿಸುತ್ತವೆ. ವಾರಕ್ಕೆ ಒಟ್ಟು 150 ನಿಮಿಷ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮುಗಿಸುವಾಗ ಮಾತ್ರ ತಟ್ಟನೆ ನಿಲ್ಲಬೇಡಿ. ರಕ್ತ ಕಾಲಲ್ಲೇ ಉಳಿದು ಒತ್ತಡ ಕುಸಿಯುತ್ತದೆ. ಬಿಪಿ ಮಾತ್ರೆ ತಗೊಳ್ಳುವ ಕೆಲವರು ಹಾಗೆಯೇ ತಲೆಸುತ್ತಿ ಬೀಳುತ್ತಾರೆ. ವೇಗ ತಗ್ಗಿಸಿ ಐದ್ಹತ್ತು ನಿಮಿಷ ನಿಧಾನಕ್ಕೆ ನಡೆಯಿರಿ.

ಅಣ್ಣನಿಗೆ ಆ ಲೆಗ್ ಪ್ರೆಸ್ ದಿನಕ್ಕೂ ಮೊದಲೇ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿತ್ತಂತೆ, ನಿಂತರೆ ಹೋಗುತ್ತಿತ್ತಂತೆ. ಟ್ರೈನರ್‌ಗೆ ಹೇಳಿದರೆ, ಸ್ಟ್ಯಾಮಿನಾ ಕಮ್ಮಿ ಅಂದಿದ್ದನಂತೆ. ಶ್ರಮಪಟ್ಟಾಗ ಬಂದು ಸುಮ್ಮನೆ ಕೂತಾಗ ಹೋಗುವ ಬಿಗಿತ ಆಂಜೈನಾದ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಲಕ್ಷಣ, ಕೂಡಲೇ ಹೃದಯದ ಡಾಕ್ಟರಿಗೆ ತೋರಿಸಬೇಕು. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಸರಿಯಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ, ನಾಳ ಕಿರಿದಾಗಿದ್ದರೂ ಅದರಲ್ಲಿ ಕಾಣದಿರಬಹುದು. ಎದೆಯ ಜೊತೆ ದವಡೆಗೋ ತೋಳಿಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ, ಕೂತ ಮೇಲೂ ಕೆಲವೇ ನಿಮಿಷಗಳಲ್ಲಿ ಶಮನವಾಗದಿದ್ದರೆ ಆಂಬ್ಯುಲೆನ್ಸ್ ಕರೆಸಿ. ನೀವೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೊರಡಬೇಡಿ.