ಲೋಟದ ಮೇಲೆ ತಿರುಗುವ ಸ್ಟರ್ಲಿಂಗ್ ಎಂಜಿನ್: ಮಂಗಳೂರಿನ ಸೆಕೆಗೆ ಒಗ್ಗುತ್ತದೆಯೇ?

ಪಿಯುಸಿಯ ಕಾರ್ನೊ ಎಂಜಿನ್ ಪಾಠಕ್ಕೋ ವಿಜ್ಞಾನ ಮೇಳದ ಮೇಜಿಗೋ ಆನ್‌ಲೈನ್‌ನಲ್ಲಿ ತರಿಸುವ ಚಿಕ್ಕ ಸ್ಟರ್ಲಿಂಗ್ ಎಂಜಿನ್ ಇದು; ಒಳಗೆ ಮುಚ್ಚಿಟ್ಟ ಗಾಳಿ ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗುವುದರಿಂದ ಚಕ್ರ ತಿರುಗಿಸುವ ಯಂತ್ರ. ಕೆಳಗೊಂದು ಮೇಲೊಂದು ಅಲ್ಯೂಮಿನಿಯಂ ತಟ್ಟೆ, ನಡುವೆ ಅಕ್ರಿಲಿಕ್ ಬಳೆ, ಒಳಗಿನ ಗಾಳಿಯನ್ನು ಬಿಸಿ ಬದಿಗೂ ತಣ್ಣನೆ ಬದಿಗೂ ಅಟ್ಟುವ ಫೋಮ್ ಬಿಲ್ಲೆ, ಮೇಲ್ತಟ್ಟೆಯಲ್ಲಿ ಗಾಜಿನ ಸಿಲಿಂಡರು, ಅದರೊಳಗೆ ಗ್ರಾಫೈಟ್ ಪಿಸ್ಟನ್. ಬಿಲ್ಲೆಯ ಚಲನೆಗೂ ಪಿಸ್ಟನ್ನಿನ ಚಲನೆಗೂ 90 ಡಿಗ್ರಿ ವ್ಯತ್ಯಾಸ. ‘ಬಿಸಿನೀರಿನಿಂದ ಓಡುತ್ತದೆ’ ಎಂಬ ಜಾಹೀರಾತು ಅರ್ಧ ಸತ್ಯ. ಓಡಿಸುವುದು ಎರಡು ತಟ್ಟೆಗಳ ನಡುವಿನ ಉಷ್ಣತೆಯ ಅಂತರ. ಹಾಗಾಗಿ ಕರಾವಳಿಯಲ್ಲಿ ಕೊಳ್ಳುವವರು ಮೊದಲು ಯೋಚಿಸಬೇಕಾದದ್ದು ತಣ್ಣನೆಯ ಬದಿಯನ್ನು.

ಎಂಜಿನ್ ಕೆಳಗಿನ ಲೋಟದ ನೀರು 95 ಡಿಗ್ರಿ, ಕೋಣೆ 31 ಡಿಗ್ರಿ ಎಂದಿಟ್ಟುಕೊಳ್ಳಿ. ಕೆಲ್ವಿನ್‌ನಲ್ಲಿ 368 ಮತ್ತು 304. ಈ ಎರಡರ ನಡುವೆ ಎಂಥ ಎಂಜಿನ್ ಇಟ್ಟರೂ ಶೇ 17.4ಕ್ಕಿಂತ (ಅಂತರ 64ನ್ನು ಬಿಸಿ ಬದಿಯ 368ರಿಂದ ಭಾಗಿಸಿದರೆ ಸಿಗುವ ಕಾರ್ನೊ ಮಿತಿ) ಹೆಚ್ಚು ಶಾಖ ಕೆಲಸವಾಗದು, ಉಳಿದದ್ದನ್ನು ಮೇಲ್ತಟ್ಟೆ ಹೊರಗೆ ಬಿಡಲೇಬೇಕು. ಈ ಮಾದರಿ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ನೀರು 55ಕ್ಕಿಳಿದರೆ ಮಿತಿಯೇ ಶೇ 7.3; ಚಕ್ರ ತೂಕಡಿಸತೊಡಗುತ್ತದೆ. ಅದಕ್ಕೂ ಮೊದಲೇ ನಿಂತರೆ ಮೇಲ್ತಟ್ಟೆ ಮುಟ್ಟಿ ನೋಡಿ, ಅದೂ ಬಿಸಿಯಾಗಿರುತ್ತದೆ. ಒದ್ದೆ ಬಟ್ಟೆ ಹೊದಿಸುವ ಉಪಾಯ ಬಯಲುಸೀಮೆಯ ಒಣಹವೆಗೆ ಸರಿ, ನಮ್ಮ ಮಳೆಗಾಲದಲ್ಲಿ ಅಷ್ಟಕ್ಕಷ್ಟೆ. ಟೇಬಲ್ ಫ್ಯಾನ್ ವಾಸಿ. (ಪಡುಬಿದ್ರಿ ಬಳಿಯ ಯೆಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ ಕಡಲ ನೀರು ಎಳೆದುಕೊಳ್ಳುವುದೂ ಇದೇ ತಲೆನೋವಿಗೆ.)

ದಪ್ಪ ಪಿಂಗಾಣಿ ಲೋಟಕ್ಕೆ ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಕುದಿನೀರು ತುಂಬಿಸಿ; ಹಬೆ ತಟ್ಟೆಗೆ ತಾಗಿ ನೀರಾಗುವಾಗಲೇ ಶಾಖ ಚೆನ್ನಾಗಿ ದಾಟುತ್ತದೆ. ಎಂಜಿನ್ ಇಟ್ಟು ಒಂದು ನಿಮಿಷ ಕಾದು ಬೆರಳಲ್ಲಿ ಚಕ್ರ ತಿರುಗಿಸಿ. ತಾನಾಗಿ ಹೊರಡುವ ಯಂತ್ರವಲ್ಲ. ಒಂದು ದಿಕ್ಕಿಗೆ ಓಡದಿದ್ದರೆ ಇನ್ನೊಂದು ದಿಕ್ಕಿಗೆ ತಳ್ಳಿ.

ನಿಜವಾದ ಮಜಾ ಐಸಿನಲ್ಲಿದೆ. ಲೋಟದಲ್ಲಿ ಐಸ್ ತುಂಬಿಸಿದರೆ ಚಕ್ರ ತಿರುಗುಮುರುಗು ಓಡುತ್ತದೆ. ಈಗ ಕೋಣೆಯ ಸೆಕೆಯೇ ಬಿಸಿ ಬದಿ. 31 ಡಿಗ್ರಿ ಕೋಣೆಯಲ್ಲಿ ಮಿತಿ ಶೇ 10.2, 15 ಡಿಗ್ರಿಯ ಚಳಿ ಊರಲ್ಲಿ ಶೇ 5.2 ಮಾತ್ರ. ಬಿಸಿನೀರಿನ ಆಟದಲ್ಲಿ ಕಳೆದುಕೊಂಡದ್ದನ್ನು ಮಂಗಳೂರು ಇಲ್ಲಿ ಗೆದ್ದುಕೊಳ್ಳುತ್ತದೆ. ಮೇಷ್ಟ್ರುಗಳು ಇದನ್ನೇ ಮೊದಲು ತೋರಿಸಲಿ.

ತೊಂದರೆ ತೇವದ್ದು. ತಣ್ಣನೆಯ ಲೋಟ, ತಟ್ಟೆ ಎರಡೂ ಬೆವರುತ್ತವೆ. ಹವೆಯ ಆವಿ ನೀರಾಗುವಾಗ ಬಿಡುವ ಶಾಖಕ್ಕೆ ಐಸ್ ಬೇಗ ಕರಗುತ್ತದೆ. ಐಸನ್ನು ಮೇಲ್ತಟ್ಟೆಯ ಮೇಲಂತೂ ಇಡಬೇಡಿ. ಒಂದು ಹನಿ ಸಿಲಿಂಡರಿಗಿಳಿದರೆ ಸಾಕು, ಪಿಸ್ಟನ್ ಅಂಟಿಕೊಳ್ಳುತ್ತದೆ. ಆಗ ಪಿಸ್ಟನ್ ಹೊರತೆಗೆದು ಎರಡನ್ನೂ ಟಿಶ್ಯೂವಿನಲ್ಲಿ ಒರೆಸಿ ಒಣಗಿಸಬೇಕು. ಎಣ್ಣೆ ಹಾಕಬಾರದು: ಗ್ರಾಫೈಟಿಗೆ ಅದು ಬೇಡ, ಜಿಗುಟಿಗೇ ಎಂಜಿನ್ ನಿಂತುಬಿಡುತ್ತದೆ. ಸಾದಾ ಉಕ್ಕಿನ ಬೇರಿಂಗು ಉಪ್ಪುಗಾಳಿಗೆ ತುಕ್ಕು ಹಿಡಿಯುವುದರಿಂದ ಓಡಿಸಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿ ಮುಚ್ಚಿಡಿ.

ಪಾರ್ಸೆಲ್ ಬಂದ ಕೂಡಲೇ ತಣ್ಣಗಿರುವಾಗಲೇ ಚಕ್ರ ತಿರುಗಿಸಿ ನೋಡಿ. ಕೆಲವು ಸುತ್ತು ಸಲೀಸಾಗಿ ಹೋಗಬೇಕು. ಪ್ರತಿ ಸಲ ಒಂದೇ ಜಾಗದಲ್ಲಿ ತಡೆದರೆ ಬಿಲ್ಲೆ ತಟ್ಟೆಗೆ ಉಜ್ಜುತ್ತಿದೆ ಎಂದರ್ಥ, ಹಿಂದೆ ಕಳಿಸಿ. ತಟ್ಟೆಗಳನ್ನು ಲೋಹದ ಬೋಲ್ಟಿನಿಂದ ಬಿಗಿದ ಅಗ್ಗದ ಮಾದರಿ ಬೇಡವೇ ಬೇಡ. ಬೋಲ್ಟಿನ ಮೂಲಕವೇ ಶಾಖ ಸೋರಿ ಅಂತರ ಕರಗುತ್ತದೆ. ನೈಲಾನ್ ಸ್ಕ್ರೂ, ಸ್ಟೇನ್‌ಲೆಸ್ ಬೇರಿಂಗ್ ಇರುವುದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.