ಮೆಟ್ರೊನೋಮ್ ಬದಲು ಏನಿಟ್ಟುಕೊಂಡು ಗಿಟಾರ್ ಅಭ್ಯಾಸ ಮಾಡಬಹುದು?

ಗಿಟಾರ್ ಕಲಿಯಲು ಶುರು ಮಾಡಿದ ಯಾರಿಗೇ ಆಗಲಿ, ಬೇಗನೆ ಸಿಗುವ ಸಲಹೆ ಒಂದಿದೆ: ಮೆಟ್ರೊನೋಮ್ ಹಾಕಿಕೊಂಡು ನುಡಿಸಿ. ಸಲಹೆ ಒಳ್ಳೆಯದೇ. ಆದರೆ 1815ರಲ್ಲಿ ಜರ್ಮನ್ ಸಂಶೋಧಕ ಮೆಲ್ಜೆಲ್ ಪೇಟೆಂಟ್ ಪಡೆದ ಕಾಲದಿಂದ ಇವತ್ತಿನ ಫೋನ್ ಆ್ಯಪ್‌ವರೆಗೆ ಆ ಯಂತ್ರದ ಮುಖ್ಯ ಕೆಲಸ ಒಂದೇ. ಬೀಟ್ ಎಲ್ಲಿದೆ ಅಂತ ಹೇಳುತ್ತದೆ, ಸಾಮಾನ್ಯವಾಗಿ ಅದರ ಮೇಲೆ ಬಾರ್‌ನ (ಇಲ್ಲಿ ನಾಲ್ಕು ಬೀಟ್‌ಗಳ ಒಂದು ಗುಂಪು) ಮೊದಲ ಬೀಟ್‌ಗೆ ಬೇರೆ ಸದ್ದು ಮಾಡುತ್ತದೆ, ಅಷ್ಟೇ. ಎರಡು ಬೀಟ್‌ಗಳ ನಡುವೆ ಕೈ ಏನು ಮಾಡಬೇಕು, ಹಾಡಿನ ನಡೆ ಹೇಗಿದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಜೊತೆಗೆ ತುಂಬಾ ಜನಕ್ಕೆ ಆ ಟಕ್ ಟಕ್ ಸದ್ದು ಹತ್ತು ನಿಮಿಷಕ್ಕೇ ಬೇಸರ ತರಿಸುತ್ತದೆ. ಬೇಸರವಾದರೆ ಅಭ್ಯಾಸವೇ ನಿಲ್ಲುತ್ತದೆ, ಅಲ್ವಾ?

ಹಾಗಾಗಿ ಅದರ ಜಾಗದಲ್ಲಿ ಬೇರೆ ಏನೇನು ಇಟ್ಟುಕೊಳ್ಳಬಹುದು ಅಂತ ಒಂದೊಂದನ್ನೇ ನೋಡಿದೆ. ಎಲ್ಲದಕ್ಕೂ ನುಡಿಸಿದ್ದು ಅದೇ ಮೂರು ಪಾಠ. ಜಿ, ಡಿ, ಇ ಮೈನರ್, ಸಿ ಕಾರ್ಡ್‌ಗಳ ಮೇಲೆ ಒಂದು ಸ್ಟ್ರಮ್ಮಿಂಗ್ (ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟುವುದು), ಆರು ಸ್ವರದ ಒಂದು ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಮೀಟುವುದು), ಮತ್ತೆ ಒಂದೊಂದೇ ಫ್ರೆಟ್ ಏರುತ್ತಾ ನಾಲ್ಕೂ ಬೆರಳು ಓಡಿಸುವ 1-2-3-4 ಕ್ರೊಮ್ಯಾಟಿಕ್ ಅಭ್ಯಾಸ. ಪರೀಕ್ಷೆಯೂ ಒಂದೇ: ಸ್ವಲ್ಪ ಹೊತ್ತು ಜೊತೆಯಲ್ಲಿ ನುಡಿಸುವುದು, ಆಮೇಲೆ ಸದ್ದನ್ನು ನಾಲ್ಕು ಬಾರ್ ಪೂರ್ತಿ ಮ್ಯೂಟ್ ಮಾಡುವುದು, ಮತ್ತೆ ತೆರೆದಾಗ ಕೈ ಎಲ್ಲಿದೆ ಅಂತ ನೋಡುವುದು.

ಇದು ಕೇಳಿದಷ್ಟು ಸುಲಭ ಅಲ್ಲ. 60ರ ಟೆಂಪೊ ಅಂದರೆ ನಿಮಿಷಕ್ಕೆ 60 ಬೀಟ್, ಸೆಕೆಂಡಿಗೆ ಒಂದು, ನಾಲ್ಕು ಬಾರ್‌ಗೆ 16 ಸೆಕೆಂಡ್. ಕೈ ಗೊತ್ತಿಲ್ಲದೆ 62ಕ್ಕೆ ಏರಿದರೂ ಸಾಕು, ಆ 16 ಬೀಟ್ ಮುಗಿಯುವಾಗ ನೀವು ಸುಮಾರು ಅರ್ಧ ಸೆಕೆಂಡ್ ಮುಂದಿರುತ್ತೀರಿ. ಅಂದರೆ ಅರ್ಧ ಬೀಟ್. ಕೇಳುವವರಿಗೆ ಅದು ತಾಳ ತಪ್ಪಿದ ಹಾಗೇ ಕೇಳಿಸುತ್ತದೆ. ಸದ್ದು ಇರುವಾಗ ಸರಿಯಾಗಿ ನುಡಿಸುವುದು ದೊಡ್ಡ ವಿಷಯ ಅಲ್ಲ. ಸದ್ದು ಹೋದ ಮೇಲೂ ಲಯ ಮೈಯಲ್ಲಿ ಉಳಿಯಬೇಕು. ನಾನು ಎಲ್ಲವನ್ನೂ ಅಳೆದದ್ದು ಇದರಿಂದಲೇ.

ಮೊದಲಿಗೆ ಡ್ರಮ್ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ಡ್ರಮ್ ನಡೆ. ಫೋನಿನಲ್ಲಿ ಬೇಕಾದಷ್ಟು ಆ್ಯಪ್‌ಗಳಿವೆ. ಕಂಪ್ಯೂಟರ್ ಇದ್ದವರಿಗೆ ಹೈಡ್ರೋಜನ್ ಅನ್ನುವ ಡ್ರಮ್ ಮಷೀನ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಡ್ರಮ್ ಜೊತೆ ನುಡಿಸುವುದು ಮೊದಲ ನಿಮಿಷದಿಂದಲೇ ಖುಷಿ ಕೊಡುತ್ತದೆ. ಕಾರಣ ಸರಳ. ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಒಂದು ಮತ್ತು ಮೂರಕ್ಕೆ, ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಎರಡು ಮತ್ತು ನಾಲ್ಕಕ್ಕೆ ಬೀಳುವುದರಿಂದ ಬಾರ್‌ನಲ್ಲಿ ಎಲ್ಲಿದ್ದೇವೆ ಅಂತ ಸದಾ ಗೊತ್ತಿರುತ್ತದೆ. ನಡುವಿನ ಜಾಗವನ್ನು ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆ ತುಂಬುತ್ತದೆ. ನಿಧಾನದ ಟೆಂಪೊದಲ್ಲಿ ಇದು ದೊಡ್ಡ ಉಪಕಾರ. ಒಂದು ಕ್ಲಿಕ್‌ಗೂ ಇನ್ನೊಂದಕ್ಕೂ ನಡುವೆ ಇಡೀ ಸೆಕೆಂಡ್ ಖಾಲಿ ಬಿದ್ದಾಗ ಹೊಸಬರ ಕೈ ಮುಂದಕ್ಕೆ ಓಡುತ್ತದೆ. ಹೈ-ಹ್ಯಾಟ್ ಅದನ್ನು ಹಿಡಿದು ನಿಲ್ಲಿಸುತ್ತದೆ.

ಆದರೆ ಇದರ ಕೊರತೆ ಇರುವುದೂ ಇಲ್ಲೇ. ಎಣಿಸುವ ಕೆಲಸವನ್ನೆಲ್ಲ ಡ್ರಮ್ ಮಾಡಿಬಿಡುತ್ತದೆ, ನಾವು ಸುಮ್ನೆ ಅದರ ಹಿಂದೆ ಹೋಗುತ್ತೇವೆ. ಸ್ನೇರ್ ಎಷ್ಟು ಜೋರು ಅಂದರೆ, ಸ್ಟ್ರೋಕ್ ಸ್ವಲ್ಪ ತಡವಾಗಿ ಬಿದ್ದರೂ ಅದರಡಿ ಮುಚ್ಚಿಹೋಗುತ್ತದೆ. ಮ್ಯೂಟ್ ಪರೀಕ್ಷೆಯಲ್ಲಿ ಡ್ರಮ್ ಲೂಪ್ ನನಗೆ ಒಳ್ಳೆಯ ಫಲ ಕೊಡಲಿಲ್ಲ. ಸದ್ದು ನಿಂತ ಕೂಡಲೇ ಸ್ಟ್ರಮ್ಮಿಂಗ್ ಓಡಲು ಶುರು ಮಾಡುತ್ತಿತ್ತು. ಇದಕ್ಕೊಂದು ಉಪಾಯ ಇದೆ. ಮೊದಲು ಪೂರ್ತಿ ಡ್ರಮ್ ಇಟ್ಟುಕೊಂಡು ಶುರು ಮಾಡಿ, ಆಮೇಲೆ ಹೈ-ಹ್ಯಾಟ್ ಮ್ಯೂಟ್ ಮಾಡಿ, ಆಮೇಲೆ ಸ್ನೇರ್. ಕೊನೆಗೆ ಬಾರ್‌ಗೆ ಒಂದು ಕಿಕ್ ಮಾತ್ರ ಉಳಿಯಲಿ. ಹೀಗೆ ಬಳಸಿದಾಗ ಅದೇ ಲೂಪ್ ಬೇರೆಯದೇ ಸಾಧನವಾಗುತ್ತದೆ. ಆ್ಯಪ್ ಆರಿಸುವಾಗ ಒಂದೊಂದು ವಾದ್ಯವನ್ನೂ ಬೇರೆಬೇರೆ ಮ್ಯೂಟ್ ಮಾಡಲು ಬರುತ್ತದಾ ಅಂತ ನೋಡಿ. ನೂರಾರು ಪ್ಯಾಟರ್ನ್ ಇರುವುದಕ್ಕಿಂತ ಅದು ಮುಖ್ಯ.

ಬ್ಯಾಕಿಂಗ್ ಟ್ರ್ಯಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಲೊ ನುಡಿಸಲು, ಸ್ಕೇಲ್‌ಗಳನ್ನು ಕಾರ್ಡ್ ಮೇಲೆ ಕೂರಿಸಲು ಅದಕ್ಕೆ ಸಮ ಬೇರೆ ಇಲ್ಲ. ಲಯ ಕಲಿಯಲು ಮಾತ್ರ ಸಾಲದು. ಬಾಸ್, ಕೀಬೋರ್ಡ್, ಡ್ರಮ್ ಎಲ್ಲ ಸೇರಿ ನಮ್ಮನ್ನು ಎತ್ತಿಕೊಂಡು ಹೋಗುತ್ತವೆ. ಹಾಡಿನ ಜೊತೆ ನುಡಿಸುವವರು ಒಂದು ವಿಷಯ ಗಮನದಲ್ಲಿಡಿ. ವಾದ್ಯಗಾರರೆಲ್ಲ ಒಟ್ಟಿಗೆ ಕೂತು, ಕ್ಲಿಕ್ ಇಲ್ಲದೆ ನುಡಿಸಿದ ಹಳೆಯ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ಟೆಂಪೊ ಕೊಂಚ ಬದಲಾಗುವುದುಂಟು. ಅದು ತಪ್ಪಲ್ಲ, ಆ ಹಾಡಿನ ಜೀವವೇ ಅದು. ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಲು ಮಾತ್ರ ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಶ್ರುತಿ ಬದಲಾಗದೆ ನಿಧಾನವಾಗುತ್ತದೆ. ಕಷ್ಟದ ಭಾಗಗಳನ್ನು ಕೇಳಿ ಕಲಿಯಲು ಅದು ಒಳ್ಳೆಯ ಸೌಲಭ್ಯ.

ತಬಲಾ ಠೇಕಾ (ತಾಳಕ್ಕೆ ಸುತ್ತಿ ಸುತ್ತಿ ಬಾರಿಸುವ ಮೂಲ ನಡೆ) ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಒದಗಿತು. ಬೆಂಗಳೂರಿನ ರಾಡೆಲ್ ಕಂಪನಿಯ ತಾಳಮಾಲಾ ಸಂಗೀತದ ಮನೆಗಳಲ್ಲಿ ಪರಿಚಿತ ಪೆಟ್ಟಿಗೆ. ಈಗ ಫೋನಿಗೂ ತಬಲಾ ಆ್ಯಪ್‌ಗಳಿವೆ. ಗಿಟಾರ್‌ಗೆ ಯಾಕೆ ತಬಲಾ ಅಂತ ಕೇಳಬೇಡಿ. ನಮ್ಮ ಸುಗಮ ಸಂಗೀತದಲ್ಲಿ ಈ ಎರಡೂ ಪಕ್ಕಪಕ್ಕದಲ್ಲೇ ಕೂರುತ್ತವೆ. ಭಾವಗೀತೆಗೆ ಗಿಟಾರ್ ಹಿಡಿಯಬೇಕು ಅಂದರೆ ಕೆಹರ್ವಾ ಮತ್ತು ದಾದ್ರಾ ತಾಳಗಳು ಕಿವಿಯಲ್ಲಿ ಇರಲೇಬೇಕು.

ಕೆಹರ್ವಾದಲ್ಲಿ ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ: ಧಾ ಗೆ ನಾ ತಿ, ನಾ ಕ ಧಿ ನಾ. ಐದನೆಯ ಮಾತ್ರೆಯಲ್ಲಿ ಖಾಲಿ. ಅಲ್ಲಿ ಎಡಗೈ ತಬಲಾದ ಗುಂಯ್ ಅನ್ನುವ ನಾದ ಇರುವುದಿಲ್ಲ, ಹಾಗಾಗಿ ಅರ್ಧ ದಾರಿಗೆ ಬಂದೆವು ಅಂತ ಎಣಿಸದೇ ಗೊತ್ತಾಗುತ್ತದೆ. ದಾದ್ರಾದಲ್ಲಿ ಆರು ಮಾತ್ರೆ, ಮೂರು ಮೂರಾಗಿ. ಖಾಲಿ ನಾಲ್ಕನೆಯದಕ್ಕೆ. ನನ್ನ ಆರು ಸ್ವರದ ಆರ್ಪೆಜಿಯೊ ಇದರ ಮೇಲೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂತಿತು. ಹೆಬ್ಬೆರಳು, ತೋರು, ಮಧ್ಯ, ಉಂಗುರ, ಮಧ್ಯ, ತೋರು. ಹೆಬ್ಬೆರಳು ಬಾಸ್ ತಂತಿಯನ್ನು ಮೀಟುವುದು ಸಮಕ್ಕೆ (ತಾಳದ ಮೊದಲ ಮಾತ್ರೆಗೆ), ಉಂಗುರ ಬೆರಳು ಮೊದಲ ತಂತಿಯನ್ನು ಮೀಟುವುದು ಸರಿಯಾಗಿ ಖಾಲಿಗೆ. ಅತಿ ತಗ್ಗು ಸ್ವರ ಮತ್ತು ಅತಿ ಎತ್ತರದ ಸ್ವರ ಎರಡಕ್ಕೂ ತಾಳದಲ್ಲಿ ಒಂದೊಂದು ಜಾಗ ಸಿಕ್ಕಿತು. ಸದ್ದು ಮ್ಯೂಟ್ ಮಾಡಿದ ಮೇಲೂ ಮನಸ್ಸಿನಲ್ಲಿ ಠೇಕಾ ನಡೆಯುತ್ತಲೇ ಇತ್ತು. ಕ್ಲಿಕ್ ಹಾಗೆ ಮನಸ್ಸಿನಲ್ಲಿ ಉಳಿಯುವುದಿಲ್ಲ. ಠೇಕಾ ಉಳಿಯುತ್ತದೆ, ಯಾಕೆಂದರೆ ಅದು ಬಾಯಲ್ಲಿ ಹೇಳಲು ಬರುವ ಮಾತು. 1-2-3-4 ಅಭ್ಯಾಸಕ್ಕೆ ಮಾತ್ರ ತಬಲಾ ಹೊಂದಲಿಲ್ಲ. ಬೋಲ್‌ಗಳು (ಧಾ, ಗೆ, ನಾ ಮುಂತಾದ ತಬಲಾ ಸೊಲ್ಲುಗಳು) ಗಮನ ಸೆಳೆದು ಬೆರಳಿನ ಕಡೆ ನೋಡಲು ಬಿಡುವುದಿಲ್ಲ.

ಲೂಪರ್ ಪೆಡಲ್ ಬೇರೆಯದೇ ಜಾತಿ. ಅದು ಬೀಟ್ ಕೊಡುವುದಿಲ್ಲ, ನೀವು ಕೊಟ್ಟದ್ದನ್ನೇ ತಿರುಗಿಸಿ ಕೊಡುತ್ತದೆ. ಬಾಸ್ ಕಂಪನಿಯ ಆರ್‌ಸಿ-1, ಟಿಸಿ ಎಲೆಕ್ಟ್ರಾನಿಕ್‌ನ ಡಿಟ್ಟೊ ಇಂಥ ಸಣ್ಣ ಪೆಡಲ್‌ಗಳಲ್ಲಿ ಇರುವುದು ಒಂದೇ ಸ್ವಿಚ್. ಒತ್ತಿ, ನಾಲ್ಕು ಬಾರ್ ನುಡಿಸಿ, ಐದನೆಯ ಬಾರ್‌ನ ಒಂದನೆಯ ಬೀಟ್‌ಗೆ ಸರಿಯಾಗಿ ಮತ್ತೆ ಒತ್ತಿ. ಒತ್ತುವುದು ಚೂರು ತಡವಾದರೆ ಪ್ರತಿ ಸುತ್ತಿನಲ್ಲೂ ಒಂದು ಬಿಕ್ಕಳಿಕೆ. ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ನಾಲ್ಕು ಬಾರ್‌ನಲ್ಲಿ ನಿಮ್ಮ ಕೈ ಸ್ವಲ್ಪ ಸ್ವಲ್ಪವೇ ಓಡಿದ್ದರೆ, ಕೊನೆಯ ಬಾರ್ ಬೇಗದಲ್ಲಿ ಮುಗಿದು ಮೊದಲ ಬಾರ್ ಮತ್ತೆ ನಿಧಾನಕ್ಕೆ ಶುರುವಾಗುತ್ತದೆ. ಆ ಸೇರುವ ಜಾಗದಲ್ಲಿ ಒಂದು ಜಗ್ಗು ಕೇಳಿಸುತ್ತದೆ. ನುಡಿಸುವಾಗ ಗೊತ್ತೇ ಆಗದ ಓಟ ಆಗ ಕಿವಿಗೆ ಸ್ಪಷ್ಟ. ನನ್ನ ಮಟ್ಟಿಗೆ ಇದಕ್ಕಿಂತ ನೇರವಾದ ಗುರು ಇಲ್ಲ.

ಆದರೆ ಲೂಪರ್ ತಪ್ಪು ತೋರಿಸುತ್ತದೆ, ತಿದ್ದುವುದಿಲ್ಲ. 60ರಲ್ಲಿ ನುಡಿಸಬೇಕಾದ್ದನ್ನು ನೀವು ಒಂದೇ ಸಮನೆ 66ರಲ್ಲಿ ನುಡಿಸಿದರೆ ಅದಕ್ಕೇನೂ ತಕರಾರಿಲ್ಲ. ಪಿಕಪ್ (ತಂತಿಯ ಸದ್ದನ್ನು ವಯರ್ ಮೂಲಕ ಕಳಿಸುವ ಭಾಗ) ಇಲ್ಲದ ಅಕೂಸ್ಟಿಕ್ ಗಿಟಾರ್‌ಗೆ ಇದು ನೇರವಾಗಿ ಆಗುವುದಿಲ್ಲ, ಆಂಪ್ ಕೂಡ ಬೇಕು. ಖರ್ಚಿನ ಬಾಬ್ತು. ಕೈಯಲ್ಲಿ ಈಗಾಗಲೇ ಎಲೆಕ್ಟ್ರಿಕ್ ಗಿಟಾರ್ ಇದ್ದವರಿಗೆ ಮುಂದಿನ ಖರೀದಿ ಇದೇ ಆಗಲಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಇಲ್ಲೊಂದು ಮಾತು ಬ್ಲೂಟೂತ್ ಬಗ್ಗೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಅಭ್ಯಾಸಕ್ಕೆ ಬಳಸಬೇಡಿ ಅಂತ ತುಂಬಾ ಜನ ಹೇಳುತ್ತಾರೆ. ತಡ ಆಗುವುದು ನಿಜ. ಆದರೆ ಆ ತಡ ಎಲ್ಲ ಬೀಟ್‌ಗೂ ಒಂದೇ ಸಮ ಇದ್ದರೆ, ಸುಮ್ನೆ ಕೇಳಿಕೊಂಡು ಅಕೂಸ್ಟಿಕ್ ಗಿಟಾರ್ ನುಡಿಸುವಾಗ ತೊಂದರೆ ಇಲ್ಲ. ನೀವು ಸೇರುವುದು ಕಿವಿಗೆ ಬಿದ್ದ ಬೀಟ್‌ಗೆ ತಾನೆ? ತೊಂದರೆ ಬರುವುದು ನಿಮ್ಮ ಗಿಟಾರ್ ಸದ್ದೇ ಬ್ಲೂಟೂತ್ ಮೂಲಕ ಕೇಳಿಸುವಾಗ. 120ರ ಟೆಂಪೊದಲ್ಲಿ ಕಾಲು ಬೀಟ್ ಅಂದರೆ 125 ಮಿಲಿಸೆಕೆಂಡ್. ಅಷ್ಟು ತಡವಾಗಿ ತನ್ನ ಕೈಯ ಸದ್ದನ್ನೇ ಕೇಳಿಕೊಂಡು ಯಾರಿಂದಲೂ ನುಡಿಸಲು ಆಗದು. ಅಲ್ಲಿ ವಯರ್ ಇರುವ ಹೆಡ್‌ಫೋನೇ ಬೇಕು.

ಕೊನೆಯದು, ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು: ಬಾಯಿ ಮತ್ತು ಕಾಲು. ಕರ್ನಾಟಕ ಸಂಗೀತದ ಕೊನ್ನಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು. ಹಾಡುವವರು ಕೈಯಲ್ಲಿ ತಾಳ ಹಾಕುತ್ತಾರೆ, ಆದಿ ತಾಳದ ಎಂಟು ಅಕ್ಷರಕ್ಕೆ ತಟ್ಟಿ, ಬೆರಳೆಣಿಸಿ, ಬೀಸಿ. ಗಿಟಾರ್ ನುಡಿಸುವವರಿಗೆ ಎರಡೂ ಕೈ ಬಿಡುವಿಲ್ಲ. ಹಾಗಾಗಿ ತಾಳ ಕಾಲಿಗೆ ಇಳಿಯುತ್ತದೆ, ಲೆಕ್ಕ ಬಾಯಿಗೆ ಬರುತ್ತದೆ. ಬೀಟ್‌ಗೆ ನಾಲ್ಕು ಸ್ವರ ಇದ್ದರೆ ತಕಧಿಮಿ, ಮೂರಿದ್ದರೆ ತಕಿಟ. ಏಳರ ನಡೆಗೆ ತಕಿಟ ತಕಧಿಮಿ. ಶಕ್ತಿ ತಂಡದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಇದನ್ನು ಶ್ರದ್ಧೆಯಿಂದ ಕಲಿತು, ಖಂಜಿರ ವಾದಕ ಸೆಲ್ವಗಣೇಶ್ ಜೊತೆ ಸೇರಿ ಇದರ ಮೇಲೆ ಪಾಠದ ವಿಡಿಯೊವನ್ನೇ ತಂದರು. ನಮ್ಮ ಊರಿನ ಮೃದಂಗ ಪಾಠದಲ್ಲಿ ಮಕ್ಕಳು ಮೊದಲ ದಿನಗಳಿಂದಲೇ ಬಾಯಲ್ಲಿ ಹೇಳುವ ಈ ಸೊಲ್ಲುಗಳು ಗಿಟಾರ್ ತರಗತಿಗಳಿಗೂ ಬರಬೇಕು ಅಂತ ನನಗೆ ತುಂಬಾ ಆಸೆ.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲು ಗಿಟಾರ್ ಪಕ್ಕಕ್ಕಿಡಿ. ಕಾಲಲ್ಲಿ ಬೀಟ್, ಬಾಯಲ್ಲಿ ತಕಧಿಮಿ. ಕಾಲಿನ ವೇಗ ಬದಲಾಗದಂತೆ ತಕಿಟಕ್ಕೆ ಹೋಗಿ, ವಾಪಸ್ ಬನ್ನಿ. ಆಮೇಲೆ ಎಡಗೈಯಿಂದ ತಂತಿಗಳನ್ನು ಮುಚ್ಚಿ ಬಲಗೈ ಮಾತ್ರ ಆಡಿಸಿ. ಕಾರ್ಡ್ ಬರುವುದು ಎಲ್ಲಕ್ಕಿಂತ ಕೊನೆಗೆ. ಶುರುವಿನಲ್ಲಿ ಕಷ್ಟದ ಕಾರ್ಡ್ ಬಂದ ಕೂಡಲೇ ಬಾಯಿ ನಿಂತುಹೋಗುತ್ತದೆ. ಎಲ್ಲಿ ನಿಲ್ಲುತ್ತದೋ ಅಲ್ಲೇ ಲಯ ಕುಗ್ಗುತ್ತಿದೆ ಅಂತ ಅರ್ಥ. ನಿಮ್ಮ ಕೈಯ ದುರ್ಬಲ ಜಾಗವನ್ನು ಇಷ್ಟು ನಿಖರವಾಗಿ ಯಾವ ಯಂತ್ರವೂ ತೋರಿಸಲಾರದು. ಮ್ಯೂಟ್ ಪರೀಕ್ಷೆಯಲ್ಲಿ ನನ್ನ ಕೈ ಸಮಕ್ಕೆ ಅತಿ ಹತ್ತಿರ ಬಂದು ನಿಂತದ್ದು ಹೀಗೆ ಬಾಯಲ್ಲಿ ಹೇಳಿಕೊಂಡು ನುಡಿಸಿದಾಗಲೇ, ಮೂರು ಪಾಠದಲ್ಲೂ.

ಬಾಯಿ ಮತ್ತು ಕೈ ಸೇರಿಕೊಂಡು ಒಟ್ಟಿಗೇ ಓಡಿಬಿಡುವ ಅಪಾಯ ಮಾತ್ರ ಇದ್ದೇ ಇದೆ. ಅದನ್ನು ಹಿಡಿಯಲು ಹೊರಗಿನ ಒಂದು ಸದ್ದು ಬೇಕು. ನಾನು ಮೆಟ್ರೊನೋಮ್ ಮತ್ತೆ ತೆಗೆಯುವುದು ಆಗಲೇ. ಆದರೆ ಬೇರೆ ರೀತಿಯಲ್ಲಿ. 80ರಲ್ಲಿ ನುಡಿಸುವುದಿದ್ದರೆ ಯಂತ್ರವನ್ನು 40ಕ್ಕೆ ಇಟ್ಟು, ಆ ಕ್ಲಿಕ್‌ಗಳನ್ನು ಎರಡನೆಯ ಮತ್ತು ನಾಲ್ಕನೆಯ ಬೀಟ್ ಅಂತ ಕೇಳಿಸಿಕೊಳ್ಳಿ. ಒಂದು ಮತ್ತು ಮೂರನ್ನು ಕೊಡಬೇಕಾದವರು ನೀವು. ಕೀಲಿ ಕೊಡುವ ಹಳೆಯ ಮೆಟ್ರೊನೋಮ್‌ಗಳ ಅಳತೆ ಸಾಮಾನ್ಯವಾಗಿ 40ರಿಂದ 208. ಹಾಗಾಗಿ ಇದಕ್ಕೂ ನಿಧಾನ ಬೇಕಾದರೆ ಫೋನ್ ಆ್ಯಪ್ ನೋಡಬೇಕು. 20ಕ್ಕೆ ಇಳಿಯುವ ಆ್ಯಪ್ ಸಿಕ್ಕರೆ ಬಾರ್‌ಗೆ ಒಂದೇ ಕ್ಲಿಕ್. ಅದನ್ನು ನಾಲ್ಕನೆಯ ಬೀಟ್ ಅಂತ ಇಟ್ಟುಕೊಂಡು, ಬಾಯಲ್ಲಿ ತಕಧಿಮಿ ಹೇಳುತ್ತಾ ಜಿ ಯಿಂದ ಡಿ ಗೆ ಹೋಗಿ ನೋಡಿ.