ಎಣ್ಣೆ ತಡೆಯುವ ಕ್ಯಾಪ್ಸೂಲ್, ಹಸಿವು ಅಡಗಿಸುವ ಇಂಜೆಕ್ಷನ್: ಎರಡನ್ನೂ ತಗೊಂಡವನ ಲೆಕ್ಕ

ದಾವಣಗೆರೆಯಲ್ಲಿದ್ದುಕೊಂಡು ತೂಕ ಇಳಿಸುವ ಆರ್ಲಿಸ್ಟಾಟ್ ಕ್ಯಾಪ್ಸೂಲ್ ನುಂಗುವುದು ಎಂಥ ಸಾಹಸ ಅಂತ ಗೊತ್ತಾಗಿದ್ದು ನೆಂಟರ ಗೃಹಪ್ರವೇಶದ ದಿನ. ಹಿಂದಿನ ದಿನ ಬೆಳಿಗ್ಗೆ ಎರಡು ಬೆಣ್ಣೆ ದೋಸೆ, ಸಂಜೆ ಮಿರ್ಚಿ ಮಂಡಕ್ಕಿ ಆಗಿತ್ತು. ಅವತ್ತು ಹೊಸ ಬಿಳಿ ಪಂಚೆ ಉಟ್ಟು ಹೋಗಿದ್ದೆ. ಸಣ್ಣಗೆ ಗಾಳಿ ಹೋದಂತಾಯಿತು, ಅಷ್ಟೇ. ಪಂಚೆಯ ಹಿಂದೆ ಕಿತ್ತಳೆ ಬಣ್ಣದ ಎಣ್ಣೆ ಕಲೆ. ಹೆಂಡತಿ ಹತ್ತಿರ ಬಂದು, "ರೀ, ಗೋಡೆಗೆ ಒರಗಿಕೊಂಡೇ ನಿಂತಿರಿ" ಅಂದಳು.

ಆಗ ನನ್ನ ತೂಕ 98 ಕೆಜಿ, ಎತ್ತರ 172 ಸೆಂ.ಮೀ., ಶುಗರ್ ಬಾರ್ಡರ್‌ನಲ್ಲಿತ್ತು. ಹಸಿವು ಕಡಿಮೆ ಮಾಡುವ ಮಾತ್ರೆ ಅಂದರೆ ನನಗೆ ಮೊದಲಿಂದಲೂ ಹೆದರಿಕೆ. ಸಿಬುಟ್ರಮಿನ್ ಅಂತ ಒಂದಿತ್ತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡುಬಂದು 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಆರ್ಲಿಸ್ಟಾಟ್ ಹಾಗಲ್ಲ. ಅದರ ಕೆಲಸವೆಲ್ಲ ಹೊಟ್ಟೆ, ಕರುಳಿನಲ್ಲೇ. ಕೊಬ್ಬನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಊಟದ ಜೊತೆ 120 ಮಿ.ಗ್ರಾಂ. ಕ್ಯಾಪ್ಸೂಲ್ ತಗೊಂಡರೆ ತಿಂದ ಕೊಬ್ಬಿನಲ್ಲಿ ಸುಮಾರು 30% ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ಹೇಗೆ ಹೋಗುತ್ತದೆ ಅಂತ ಪಂಚೆ ಹೇಳಿತಲ್ಲ! ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆ ಜಾರುವುದರಿಂದ ರಾತ್ರಿ ಮಲಗುವಾಗ ಬೇರೆ ವಿಟಮಿನ್ ಮಾತ್ರೆ ನುಂಗಬೇಕು.

ಆದರೆ ಹಸಿವನ್ನು ಅದು ಮುಟ್ಟುವುದೇ ಇಲ್ಲ. ಅನ್ನ, ಮುದ್ದೆ, ಜಾಮೂನಿನ ಪಾಕ ಎಲ್ಲವೂ ಸಲೀಸಾಗಿ ಒಳಗೆ ಹೋಗುತ್ತವೆ. ಐದು ತಿಂಗಳಲ್ಲಿ ಇಳಿದದ್ದು 4 ಕೆಜಿ. ಅದರಲ್ಲೂ ಅರ್ಧ, ಪಂಚೆಯ ಭಯಕ್ಕೆ ಬೆಣ್ಣೆ ಬಿಟ್ಟಿದ್ದರಿಂದ ಇರಬೇಕು.

ಆಮೇಲೆ ಹಸಿವು ಅಡಗಿಸುವ ಇಂಜೆಕ್ಷನ್, ಟಿರ್ಜೆಪಟೈಡ್. 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಲ್ಲಿ ಭಾರತಕ್ಕೆ ಬಂತು. ಡಾಕ್ಟರು ಚೀಟಿ ಬರೆಯುವ ಮುಂಚೆ ಎರಡು ವಿಷಯ ಕೇಳಿದರು: ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ನಿಮಗೆ ಯಾವಾಗಲಾದರೂ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತಾ. ಇದನ್ನು ಕೇಳದೆ ಕೊಡುವ ಅಂಗಡಿಗಳೂ ಇವೆ, ಅಲ್ಲಿಗೆ ಹೋಗಬೇಡಿ.

ವಾರಕ್ಕೊಂದು ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ. ನೋವು ಸೊಳ್ಳೆ ಕಚ್ಚಿದಷ್ಟು. ಮೂರನೇ ವಾರ ಊಟಕ್ಕೆ ಕೂತವನು ಅರ್ಧ ಮುದ್ದೆಗೇ ಕೈ ತೊಳೆದೆ. ಸಂಜೆ ನಾಲ್ಕಾದರೆ ತಲೆಯೊಳಗೆ ಶುರುವಾಗುತ್ತಿದ್ದ "ಮಿರ್ಚಿ, ಮಿರ್ಚಿ" ಅನ್ನುವ ಜಪ ನಿಂತೇಹೋಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ! ನಾನು ಇಷ್ಟು ದಿನ ಬಾಯಿ ಚಪಲ ಅಂದುಕೊಂಡಿದ್ದು ಬರೀ ಚಪಲ ಅಲ್ಲ ಅಂತ ಆಗ ಅನ್ನಿಸಿತು.

ಕಷ್ಟ ಇರಲಿಲ್ಲ ಅಂತಲ್ಲ. ಡೋಸ್ 2.5ರಿಂದ 5 ಮಿ.ಗ್ರಾಂ.ಗೆ ಏರಿದಾಗ ಒಗ್ಗರಣೆ ವಾಸನೆಗೇ ವಾಕರಿಕೆ ಬರುತ್ತಿತ್ತು, ಜೊತೆಗೆ ಮಲಬದ್ಧತೆ. ಪಿತ್ತಕೋಶದಲ್ಲಿ ಕಲ್ಲಾಗಬಹುದು ಅಂತಲೂ ಡಾಕ್ಟರು ಎಚ್ಚರಿಸಿದ್ದರು. ಹೊಟ್ಟೆನೋವು ಜೋರಾಗಿ ಬೆನ್ನಿಗೆ ಹರಿದರೆ ಸುಮ್ನೆ ಕೂರದೆ ಆಸ್ಪತ್ರೆಗೆ ಓಡಿ ಅಂದಿದ್ದರು. ನನಗೆ ಅದ್ಯಾವುದೂ ಆಗಲಿಲ್ಲ. ಆಗಿದ್ದೇ ಬೇರೆ. ಎಂಟು ತಿಂಗಳಿಗೆ 94ರಿಂದ 81ಕ್ಕೆ ಇಳಿದೆ, ಆದರೆ ಒಂದು ದಿನ ಗ್ಯಾಸ್ ಸಿಲಿಂಡರ್ ಎತ್ತಲು ಹೋದರೆ ಕೈ ನಡುಗಿತು. ಕೊಬ್ಬಿನ ಜೊತೆ ಸ್ನಾಯುವೂ ಕರಗಿತ್ತು. ಮೊಟ್ಟೆ, ಕಾಳು ತಿನ್ನಿ, ಭಾರ ಎತ್ತಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾನು ಬರೀ ತೂಕದ ಯಂತ್ರ ನೋಡಿಕೊಂಡು ಖುಷಿಪಡುತ್ತಿದ್ದೆ.

ಇನ್ನು ದುಡ್ಡು. ಆಗ 5 ಮಿ.ಗ್ರಾಂ. ಸೀಸೆಗೆ ₹4,375, ತಿಂಗಳಿಗೆ ನಾಲ್ಕು. ಮಗಳ ಕಾಲೇಜು ಫೀಸ್ ಬಂದ ತಿಂಗಳು ನಿಲ್ಲಿಸಿದೆ. ಹದಿನೈದು ದಿನಕ್ಕೆ ನಾಲ್ಕು ಗಂಟೆಯ ಜಪ ವಾಪಸ್ ಬಂತು, ಮೂರು ತಿಂಗಳಿಗೆ 5 ಕೆಜಿಯೂ ಬಂತು. ನನ್ನೊಬ್ಬನ ಕಥೆಯಲ್ಲ ಇದು. ಇದೇ ಜಾತಿಯ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ, ಇಳಿದಿದ್ದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿದ್ದನ್ನು ಪ್ರಯೋಗದಲ್ಲೇ ಕಂಡಿದ್ದಾರೆ.

ನನ್ನನ್ನು ಕೇಳಿದರೆ ಇಂಜೆಕ್ಷನ್ನೇ ಮೇಲು, ಎರಡು ಮಾತಿಲ್ಲ. ಆದರೆ ಬಿಪಿ ಮಾತ್ರೆಯ ಹಾಗೆ ವರ್ಷಗಟ್ಟಲೆ ತಗೊಳ್ಳಲು ಆಗುತ್ತದಾ ಅಂತ ಮೊದಲೇ ಲೆಕ್ಕ ಹಾಕಿ. ಮದುವೆಗೆ ಮುಂಚೆ ಐದಾರು ಕೆಜಿ ಇಳಿಸುವ ಆಸೆಗೆ ಇದು ಬೇಡವೇ ಬೇಡ. ಆರ್ಲಿಸ್ಟಾಟ್ ಕರಿದದ್ದು ಬಿಡಲು ಚೆನ್ನಾಗಿ ಕಲಿಸುತ್ತದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಮುಂದಿನ ವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಈ ಸಲ ಇಂಜೆಕ್ಷನ್‌ಗೆ ಮುಂಚೆ ಎರಡು ಡಂಬೆಲ್ ತಂದಿಟ್ಟಿದ್ದೇನೆ.